ಮಳೆಗಾಲದೊಳಗೆ ಡಿಶ್ ತೆಗ್ಸಿ ಬರೀ ಫೈಬರ್ ಮೇಲೆ ಟಿವಿ ನಡ್ಸಬಹುದಾ? ಶಿರಸಿ ಹಳ್ಳಿ ಕಡೆಯವ್ರು ಹೇಳಿ

ಬೆಟ್ಟದಂಚು (ಶಿರಸಿ)

ನಮಸ್ಕಾರ ಎಲ್ರಿಗೂ. ನಮ್ಮನೆ ಶಿರಸಿಯಿಂದ ವಾನಳ್ಳಿ ಕಡೆ ಹೋಗೋ ದಾರೀಲಿ, ಡಾಂಬರ್ ರೋಡಿಂದ ಒಳಗೆ, ಮುಂದೆ ಅಡಕೆ ತೋಟ ಹಿಂದೆ ಬೆಟ್ಟ. ಮೊಬೈಲ್ ಸಿಗ್ನಲ್ ಅಂದ್ರೆ ಅಂಗಳದ ತುದೀಲಿ ಒಂದು ಕಡ್ಡಿ, ಮನೆ ಒಳಗೆ ಅದೂ ಇಲ್ಲ. ಹೋದ ವರ್ಷ ಊರಿಗೆ ಫೈಬರ್ ಬಂತು, ನಾವೂ ಹಾಕಿಸ್ಕಂಡ್ವಿ, 50 ಎಂಬಿಪಿಎಸ್ ಪ್ಲಾನು, ಟ್ಯಾಕ್ಸ್ ಸೇರಿ ತಿಂಗ್ಳಿಗೆ ಆರ್ನೂರರ ಹತ್ರ. ಇದರ ಮೇಲೆ ಡಿಶ್ ರೀಚಾರ್ಜು ಮುನ್ನೂರೈವತ್ತು ಚಿಲ್ರೆ. ಎರಡೂ ಎಂತಕ್ಕೆ ದಂಡ ಅಂತ ನಮ್ಮ ಭಾವ ಬಂದಾಗೆಲ್ಲ ಶುರು ಮಾಡ್ತಾನೆ, ಅವ್ನಿರೋದು ಹುಬ್ಬಳ್ಳೀಲಿ, ಅಲ್ಲಿ ಡಿಶ್ ತೆಗ್ದು ಕಾಲ ಆಯ್ತಂತೆ.

ನಂಗೂ ತೆಗ್ಸೋ ಮನಸ್ಸಿದೆ ಆದ್ರೆ ಧೈರ್ಯ ಸಾಲ್ತಿಲ್ಲ. ಯಾಕಂದ್ರೆ ಒಂದು, ರೂಟರ್ ಹತ್ರ ನಿಂತು ಫೋನಲ್ಲಿ ಸ್ಪೀಡ್ ಟೆಸ್ಟ್ ಮಾಡಿದ್ರೆ 45-48 ತೋರಿಸ್ತದೆ, ಅದೇ ಹೊತ್ತಿಗೆ ನಡುಮನೆ ಟಿವೀಲಿ ಯೂಟ್ಯೂಬ್ ಗಿರ ಗಿರ ತಿರುಗ್ತಾ ಇರ್ತದೆ, ಅದೂ ಮುಖ್ಯ ರಾತ್ರಿ ಎಂಟರಿಂದ ಹತ್ತರವರೆಗೆ. ಇನ್ನೊಂದು, ಮಳೆ. ಡಿಶ್ಶಂತೂ ಜೋರು ಮಳೆ ಬಂತು ಅಂದ್ರೆ "ಸಿಗ್ನಲ್ ಇಲ್ಲ" ಅಂತ ಬರ್ಕಂಡು ಕೂತ್ಕಳ್ತದೆ, ಆಯಿ ಅಲ್ಲಿಂದಲೇ "ತಮಾ, ಟಿವಿ ಬತ್ತಿಲ್ಲೆ ನೋಡು" ಅಂತ ಕೂಗೋದು. ಫೈಬರ್‌ಗೆ ಮಳೆ ತೊಂದ್ರೆ ಇಲ್ಲ ಅಂತಾರೆ, ಆದ್ರೆ ನಮ್ಮೂರ ಫೈಬರ್ ಮರದಿಂದ ಮರಕ್ಕೆ ಕಟ್ಕೊಂಡು ಬಂದಿದ್ದು, ನೀವೇ ಊಹೆ ಮಾಡಿ.

ಮನೇಲಿ ನೋಡೋದು ಏನಪ್ಪಾ ಅಂದ್ರೆ ಅಪ್ಪಂಗೆ ಸಂಜೆ ವಾರ್ತೆ ಆಮೇಲೆ ಎರಡು ಧಾರಾವಾಹಿ, ಆಯಿಗೆ ಯಕ್ಷಗಾನ (ಅದು ಈಗ ಪೂರ್ತಿ ಯೂಟ್ಯೂಬೇ, ಇಡೀ ರಾತ್ರಿ ಆಟ ಹಾಕಿ ಕೂತ್ರೆ ಕೂತ್ಲು), ನಂಗೆ ಕ್ರಿಕೆಟ್ಟು. ಇಷ್ಟಕ್ಕೆ ಎಷ್ಟು ಸ್ಪೀಡ್ ಬೇಕು, ಮಳೆಗಾಲದಲ್ಲಿ ಯಾವ್ದು ನೆಚ್ಚಿಗೆ, ಕೇಬಲ್ಲು ಇಲ್ಲಿಗೆ ಬರಲ್ಲ ಅದನ್ನ ಬಿಡಿ. ಗೊತ್ತಿದ್ದವ್ರು ಹೇಳಿ.


ಕಾಳಿದಂಡೆ (ಕಾರವಾರ)

ತೆಗೀರಿ ಮಾರಾಯ್ರೆ, ಯೋಚ್ನೆ ಮಾಡೋದು ಎಂಥದು ಅದ್ರಲ್ಲಿ. ನಮ್ಮಲ್ಲಿ ಸಮುದ್ರದ ಗಾಳಿಗೆ ಡಿಶ್ಶಿನ ನಟ್ಟು ಬೋಲ್ಟು ಕ್ಲಾಂಪು ಎಲ್ಲ ತುಕ್ಕು ಹಿಡ್ದು, ಎಲ್‌ಎನ್‌ಬಿ (ಡಿಶ್ಶಿನ ಎದುರು ಸಿಗ್ನಲ್ ಹಿಡಿಯೋ ಡಬ್ಬಿ) ಬಾಯಿ ಹತ್ರ ಕೇಬಲ್ ಕನೆಕ್ಟರ್ ಹಸಿರು ಹಿಡ್ದು, ಪ್ರತಿ ಮಳೆಗಾಲ ಮುಗಿಯೋದ್ರೊಳಗೆ ಒಬ್ಬನ್ನ ಕರ್ಸಿ ದುಡ್ಡು ಕೊಟ್ಟು ತಿರುಗ್ಸೋದೇ ಆಗಿತ್ತು. ತೆಗ್ದು ಎಸೆದೆ. ಈಗ ಆ ಕಂಬದ ಮೇಲೆ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದೀವಿ, ಅದಕ್ಕೆ ಸಿಗ್ನಲ್ ಚೆನ್ನಾಗಿ ಬರ್ತದೆ.

ಸ್ಪೀಡಿನ ಲೆಕ್ಕ ಹೇಳ್ತೆ ಕೇಳಿ. ನೆಟ್‌ಫ್ಲಿಕ್ಸ್‌ನವ್ರೇ ಹೇಳೋದು ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15 ಬೇಕು ಅಂತ. ನಿಮ್ಮ ಹತ್ರ 50 ಇದೆ. ಅಂದ್ರೆ ಮೂರು ಟಿವೀಲಿ 4ಕೆ ಹಾಕಿದ್ರೂ ಇನ್ನೂ ಉಳೀತದೆ, ನಿಮ್ಮನೇಲಿ ಇರೋದೇ ಒಂದು ಟಿವಿ. ಡೇಟಾ ಎಚ್‌ಡೀಲಿ ಗಂಟೆಗೆ ಹೆಚ್ಚಂದ್ರೆ 3 ಜಿಬಿ, 4ಕೆ ಆದ್ರೆ 7. ನಿಮ್ಮ ಪ್ಲಾನಲ್ಲಿ 3300 ಜಿಬಿ ಇರಬಹುದು ನೋಡಿ, ಆ ರೇಟಿಗೆ ಹಂಗೇ ಕೊಡೋದು. ತಿಂಗ್ಳಲ್ಲಿ ಇರೋದೇ 720 ಗಂಟೆ, ಆಯಿ ಹಗಲು ರಾತ್ರಿ ಬಿಡ್ದೆ ಎಚ್‌ಡೀಲಿ ಯಕ್ಷಗಾನ ಹಾಕಿಟ್ರೂ 2160 ಜಿಬಿ. ಮುಗಿಯೋದಿಲ್ಲ. ಅದೇ ಮೊಬೈಲ್ ಪ್ಯಾಕು ದಿನಕ್ಕೆ ಒಂದೂವರೆ ಜಿಬಿ ಕೊಡ್ತದಲ್ಲ, ಅದ್ರಲ್ಲಿ ಗಣಪತಿ ಪೂಜೆ ಆಗಿ ಒಡ್ಡೋಲಗ ಶುರು ಆಗೋದ್ರೊಳಗೆ ಡೇಟಾ ಖಾಲಿ.

ಒಂದೇ ಮಾತು, ಎಂಬಿಪಿಎಸ್ ಬೇರೆ, ಡೌನ್‌ಲೋಡ್ ಮಾಡುವಾಗ ತೋರ್ಸೋ ಎಂಬಿ ಬೇರೆ, ಮೊದ್ಲಿಂದು ಬಿಟ್ ಲೆಕ್ಕ, ಎರಡ್ನೇದು ಬೈಟ್ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟು, ಅದಕ್ಕೆ ಎಂಟರಿಂದ ಭಾಗಿಸ್ಬೇಕು. ಸೆಕೆಂಡಿಗೆ 6 ಎಂಬಿ ಇಳೀತಾ ಇದ್ರೆ ನಿಮ್ಮ 50 ಸರಿಯಾಗೇ ಬರ್ತಾ ಇದೆ ಅಂತ ಅರ್ಥ, ಕಸ್ಟಮರ್ ಕೇರಿಗೆ ಫೋನ್ ಮಾಡಿ ಜಗಳ ಮಾಡ್ಬೇಡಿ.


ತಂತಿಗಾರ (ಕುಮಟಾ)

ಕಾರವಾರದವ್ರು ಪೇಟೆ ಲೆಕ್ಕ ಹೇಳಿದ್ರು, ತಪ್ಪಲ್ಲ, ಆದ್ರೆ ಘಟ್ಟದ ಮೇಲೆ ಆ ಲೆಕ್ಕ ಅರ್ಧ. ನಾನು ಮೊದ್ಲು ಕೇಬಲ್ ಎಳೀತಿದ್ದೆ, ಈಗ ಫೈಬರ್ ಜೋಡ್ಸೋ ಕೆಲ್ಸ, ಕುಮಟಾ ಹೊನ್ನಾವರ ಕಡೆ, ಆಗಾಗ ದೇವಿಮನೆ ಘಟ್ಟ ಹತ್ತಿ ನಿಮ್ಮ ಕಡೆಗೂ ಬರ್ತೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ಮೊದ್ಲು ಡಿಶ್. ಇದು ಕು ಬ್ಯಾಂಡ್ ಅನ್ನೋ ರೇಡಿಯೋ ಅಲೆ, ಸುಮಾರು 11-12 ಗಿಗಾಹರ್ಟ್ಸ್, ಅಲೆ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಈ ಅಲೆಯನ್ನ ಮಳೆಹನಿ ಕುಡೀತದೆ, ಚದುರಿಸ್ತದೆ. ಉಪಗ್ರಹ ಇರೋದು 36 ಸಾವಿರ ಕಿಲೋಮೀಟರ್ ಮೇಲೆ, ಅಷ್ಟು ದೂರ ಬಂದದ್ದಕ್ಕೆ ಏನೂ ಆಗಿರೋದಿಲ್ಲ, ಕೊನೇ ಐದಾರು ಕಿಲೋಮೀಟರ್ ಮಳೆಯೊಳಗೆ ಹಾದು ಬರ್ಬೇಕಲ್ಲ, ಅಲ್ಲೇ ಕೆಡೋದು. ನಮ್ಮ ಜಿಲ್ಲೇಲಿ ಡಿಶ್ಶಿನ ಮುಖ ಆಗ್ನೇಯಕ್ಕೆ ಇರ್ತದೆ (ಕಂಪನಿ ಮೇಲೆ ಸ್ವಲ್ಪ ಆಚೆ ಈಚೆ), ಅದಕ್ಕೇ ಒಮ್ಮೊಮ್ಮೆ ನಿಮ್ಮ ಅಂಗಳದಲ್ಲಿ ಹನಿ ಇಲ್ಲ, ಆ ಕಡೆ ಗುಡ್ಡದ ಮೇಲೆ ಕಪ್ಪು ಮೋಡ ಕಟ್ಟಿ ಸುರೀತಾ ಇದ್ರೆ ಟಿವಿ ಹೋಗ್ತದೆ. ಜಿಟಿಜಿಟಿ ಮಳೆ ಇಡೀ ದಿನ ಹೊಯ್ದರೂ ಚಿತ್ರ ಬರ್ತದೆ, ಧೋ ಅಂತ ಬಂದ ಹತ್ತು ಹದಿನೈದು ನಿಮಿಷ ಮಾತ್ರ ಹೋಗೋದು. ನಿಮ್ಮಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೋಗ್ತಾ ಇದ್ರೆ ಅದು ಮಳೆ ಅಲ್ಲ, ಡಿಶ್ ಸ್ವಲ್ಪ ಅಲುಗಿದೆ, ಇಲ್ಲಾ ಕನೆಕ್ಟರಲ್ಲಿ ನೀರು ಹೋಗಿದೆ, ಇಲ್ಲಾ ಎದುರಿನ ಅಡಕೆ ಮರ ಬೆಳ್ದು ಅಡ್ಡ ಬಂದಿದೆ, ಹಸಿ ಎಲೆ ಅಂದ್ರೆ ನೀರಿನ ಗೋಡೆ ಇದ್ದಂಗೇ. ಸಣ್ಣ 60 ಸೆಂಟಿಮೀಟರ್ ಡಿಶ್ ತೆಗ್ದು 90 ಸೆಂಟಿಮೀಟರಿಂದು ಹಾಕಿದ್ರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಿಗ್ನಲ್ ಹಿಡೀತದೆ, ಎಷ್ಟೋ ಮಳೆ ತಡ್ಕಳ್ತದೆ. ಕಂಪನಿಯವ್ರು ಇದನ್ನ ಹೇಳೋದಿಲ್ಲ. ಪೇಟೆ ಕೇಬಲ್ಲಿನವರ ಹತ್ರ ದೊಡ್ಡ ದೊಡ್ಡ ಡಿಶ್ ಇರ್ತದಲ್ಲ, ಅದು ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಹತ್ರ, ಅದಕ್ಕೆ ಮಳೆ ಅಷ್ಟು ತಟ್ಟೋದಿಲ್ಲ, ಅದಕ್ಕೇ ಮಳೇಲಿ ಡಿಶ್ ಹೋದ್ರೂ ಪೇಟೆ ಕೇಬಲ್ ಬರ್ತಾ ಇರೋದು.

ಈಗ ಫೈಬರ್. ಗಾಜಿನೊಳಗೆ ಬೆಳಕು ಹೋಗೋದು, ಅದಕ್ಕೆ ಮಳೆ ಗೊತ್ತೇ ಇಲ್ಲ, ಸರಿ. ಆದ್ರೆ ಮಳೆ ಜೊತೆ ಗಾಳಿ ಬರ್ತದೆ, ಗಾಳಿ ಜೊತೆ ಮರ ಬೀಳ್ತದೆ, ಮರ ಬಿದ್ರೆ ತಂತಿ ಹೋಯ್ತು. ಮಂಗ ಜಗ್ಗಿ ಹಾಳ್ಮಾಡ್ತವೆ, ಕೆಳಗೆ ನಮ್ಮಲ್ಲಿ ಹೆದ್ದಾರಿ ಕೆಲಸದ ಜೆಸಿಬಿ. ಡಿಶ್ ಹೋದ್ರೆ ಮಳೆ ನಿಂತ ಕೂಡ್ಲೆ ತಾನೇ ಬರ್ತದೆ. ಫೈಬರ್ ತುಂಡಾದ್ರೆ ನಮ್ಮಂಥವ್ನು ಬಂದು, ಎಲ್ಲಿ ಕಡಿದಿದೆ ಹುಡ್ಕಿ, ಸ್ಪ್ಲೈಸಿಂಗ್ ಮಿಷನ್ ಇಟ್ಟು ಜೋಡಿಸ್ಬೇಕು, ಆ ಮಳೇಲಿ, ಜಿಗಣೆ ಕಚ್ಚಿಸ್ಕಳ್ತಾ. ಒಂದೇ ದಿನ ಹತ್ತು ಕಡೆ ಹೋಗಿದ್ರೆ ನಿಮ್ಮೂರಿನ ಸರದಿ ಮೂರ್ನೇ ದಿನವೋ ನಾಕ್ನೇ ದಿನವೋ. ಹಂಗಾಗಿ ಕೇಳ್ಬೇಕಾದ್ದು ಎಷ್ಟು ಸ್ಪೀಡು ಅಂತಲ್ಲ, ಹೋದ್ರೆ ಎಷ್ಟು ಹೊತ್ತಿಗೆ ಬರ್ತದೆ ಅಂತ. ಅದು ನಿಮ್ಮೂರ ದಾರಿ, ಮರ, ಆಳು ಇದರ ಮೇಲೆ ನಿಂತದೆ.

ಟಿವಿ ತಿರುಗೋದಕ್ಕೆ ಬರೋಣ. ಎರಡು ವಿಷಯ ನೋಡಿ ಹೇಳಿ. ಒಂದು, ರೂಟರಿನ ಸೆಟ್ಟಿಂಗ್ ಪೇಜಲ್ಲಿ ಪಿಓಎನ್ (PON) ಅಂತಲೋ ಆಪ್ಟಿಕಲ್ ಅಂತಲೋ ಇರ್ತದೆ, ಅಲ್ಲಿ ಆರ್‌ಎಕ್ಸ್ ಪವರ್, ಅಂದ್ರೆ ರೂಟರಿಗೆ ಮುಟ್ಟೋ ಬೆಳಕು ಎಷ್ಟು ಅಂತ, ಮೈನಸ್ ಇಷ್ಟು ಡಿಬಿಎಂ (ಬೆಳಕಿನ ಬಲದ ಅಳತೆ) ಅಂತ ತೋರಿಸ್ತದೆ. ಎರಡು, ರೂಟರ್ ಎಲ್ಲಿದೆ, ಟಿವಿ ಎಲ್ಲಿದೆ, ಮಧ್ಯ ಎಂಥ ಗೋಡೆ.


ಬೆಟ್ಟದಂಚು (ಶಿರಸಿ)

ಅಣ್ಣ ಇಷ್ಟು ಬಿಡ್ಸಿ ಯಾರೂ ಹೇಳಿರ್ಲಿಲ್ಲ, ಭಾರಿ ಉಪಕಾರ. ಈಗ ನೋಡ್ದೆ, ಮೈನಸ್ 26.4 ಅಂತ ಇದೆ. ಒಳ್ಳೇದಾ ಕೆಟ್ಟದ್ದಾ ಗೊತ್ತಾಗ್ಲಿಲ್ಲ.

ರೂಟರ್ ಇರೋದು ಜಗುಲೀಲಿ, ತಂತಿ ಬಂದಿದ್ದು ಅಲ್ಲಿಗೇ, ಹಾಕಿದವ್ನು ಅಲ್ಲೇ ಮೊಳೆ ಹೊಡ್ದು ನೇತುಹಾಕಿ ಹೋದ. ಟಿವಿ ನಡುಮನೇಲಿ. ಮಧ್ಯ ಎರಡು ಗೋಡೆ, ಹಳೇ ಮನೆ, ಮಣ್ಣಿನ ಗೋಡೆ, ಒಂದೊಂದು ಒಂದೂವರೆ ಅಡಿ ದಪ್ಪ ಇರಬಹುದು. ಟಿವಿ ವೈಫೈ ಲಿಸ್ಟಲ್ಲಿ 5ಜಿ ಅಂತ ಇರೋ ಹೆಸ್ರು ಬರೋದೇ ಇಲ್ಲ, ಬರೀ ಇನ್ನೊಂದು ಬರ್ತದೆ.


ತಂತಿಗಾರ (ಕುಮಟಾ)

ಅಲ್ಲಿಗೆ ಎರಡು ರೋಗ ಸಿಕ್ತು.

ಮೈನಸ್ 26.4 ಅಂದ್ರೆ ಅಂಚಿಗೆ ಬಂದಿದೆ. ಈ ಸಂಖ್ಯೆ ಸೊನ್ನೆಗೆ ಹತ್ರ ಇದ್ದಷ್ಟೂ ಬೆಳಕು ಜಾಸ್ತಿ. ಮೈನಸ್ 20, 22 ಆರೋಗ್ಯ, 25 ದಾಟಿದ್ರೆ ನೋಡಿಸ್ಬೇಕು, 27-28ರ ಹತ್ರ ಹೋದ್ರೆ ರೂಟರಿಗೆ ಕಣ್ಣು ಕಾಣೋದಿಲ್ಲ, ಲಾಸ್ ಅನ್ನೋ ಕೆಂಪು ಲೈಟು ಮಿಣಕ್ತದೆ. ಲೆಕ್ಕ ಹೀಗೆ, ಎಕ್ಸ್‌ಚೇಂಜ್ ಕಡೆಯಿಂದ ಪ್ಲಸ್ 3ರ ಹತ್ರ ಹೊರಟದ್ದು ದಾರೀಲಿ ಎಂಟಾಗಿ ಒಡೆಯೋ ಸ್ಪ್ಲಿಟರ್ ಒಂದಕ್ಕೆ ಹತ್ತು ಹತ್ತೂವರೆ ಕಳ್ಕಳ್ತದೆ, ಅಂಥದ್ದು ಸಾಮಾನ್ಯ ಎರಡು ಇರ್ತದೆ, ಫೈಬರ್ ಉದ್ದಕ್ಕೆ ಕಿಲೋಮೀಟರಿಗೆ ಬರೀ 0.35ರಷ್ಟು, ಅಂದ್ರೆ ಹತ್ತು ಕಿಲೋಮೀಟರ್ ಬಂದ್ರೂ ಮೂರೂವರೆ ಅಷ್ಟೇ. ಎಲ್ಲ ಸೇರಿ ನಿಮಗೆ ಮೈನಸ್ 22, 23 ಬರಬೇಕು. ಉಳಿದ ಮೂರು ನಾಕು ಎಲ್ಲೋ ಸೋರ್ತಾ ಇದೆ. ಸಾಮಾನ್ಯ ಕಾರಣ ಅಂದ್ರೆ ಕನೆಕ್ಟರ್ ತುದಿಗೆ ಧೂಳು, ಜೋಡಿಸಿದ ಜಾಗ ಸರಿ ಕೂತಿಲ್ಲ, ಇಲ್ಲಾ ಮೊಳೆಗೆ ಸುತ್ತಿ ನೇತುಹಾಕುವಾಗ ತಂತೀನ ಚೂಪಾಗಿ ಬಗ್ಗಿಸಿದಾರೆ. ನಿಮ್ಮ ಜಗುಲಿ ಮೊಳೆ ಮೇಲೇ ನಂಗೆ ಅನುಮಾನ. ತಂತಿ ಸುರುಳಿ ಅಂಗೈಗಿಂತ ಸಣ್ಣ ಆಗ್ಬಾರ್ದು. ಈಗ ಒಣ ಹವೇಲಿ ಇಷ್ಟು, ಮಳೆಗಾಲದಲ್ಲಿ ಜಾಯಿಂಟ್ ಬಾಕ್ಸಿಗೆ ನೀರು ಹೋಗಿ ಇನ್ನೊಂದೆರಡು ಕಳ್ಕಂಡ್ರೆ ಮುಗೀತು. ಅವ್ರನ್ನ ಈಗಲೇ ಕರ್ಸಿ, 24ರೊಳಗೆ ತಂದುಕೊಡಿ ಅಂತ ಸಂಖ್ಯೆ ಹೇಳಿ ಕೇಳಿ, "ನೆಟ್ ಸ್ಲೋ" ಅಂದ್ರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ. ನೀವೇ ತೆಗ್ದು ತುದಿ ಒಳಗೆ ಕಣ್ಣಿಟ್ಟು ನೋಡ್ಬೇಡಿ, ಅದು ಲೇಸರ್, ಕಾಣೋದಿಲ್ಲ ಆದ್ರೆ ಕಣ್ಣಿಗೆ ಒಳ್ಳೇದಲ್ಲ.

ಟಿವಿ ತಿರುಗೋದು ಮಾತ್ರ ಇದ್ರಿಂದ ಅಲ್ಲ. ಅದು ವೈಫೈ. ಆ 5ಜಿ ಅಂದ್ರೆ ಮೊಬೈಲಿಂದಲ್ಲ, 5 ಗಿಗಾಹರ್ಟ್ಸ್ ವೈಫೈ, ನಿಮ್ಮ ಟಿವಿಗೆ ಅಲ್ಲಿ ಸಿಗೋದು 2.4 ಗಿಗಾಹರ್ಟ್ಸ್ ಒಂದೇ, ಆ ದಪ್ಪ ಮಣ್ಣಿನ ಗೋಡೆ ಎರಡು ದಾಟಿ ಅಲ್ಲಿ ಮುಟ್ಟೋದು ಎರಡು ಮೂರು ಎಂಬಿಪಿಎಸ್ ಇದ್ರೆ ಹೆಚ್ಚು. ಫೋನಿನ ಸ್ಪೀಡ್ ಟೆಸ್ಟ್ ರೂಟರ್ ಬುಡದಲ್ಲಿ ಮಾಡಿ ಏನ್ ಪ್ರಯೋಜನ, ಟಿವಿ ಎದುರು ನಿಂತು 2.4ಕ್ಕೆ ಹಾಕ್ಕಂಡು ಮಾಡಿ ನೋಡಿ. ಕೆಳಗೆ ಚಿರೆಕಲ್ಲಿನ ಮನೇಲೂ ಇದೇ ಕತೆ. ಹೊಸ ರೂಟರ್ ಅದು ಇದು ಅಂತ ದುಡ್ಡು ಹಾಕ್ಬೇಡಿ, ಜಗುಲಿಯಿಂದ ಅಟ್ಟದ ಮೇಲಿಂದ ಒಂದು ಲ್ಯಾನ್ ಕೇಬಲ್ ಎಳ್ದು ಟಿವಿ ಹಿಂದೆ ಚುಚ್ಚಿ. ಟಿವಿ ಲ್ಯಾನ್ ಪೋರ್ಟ್ ಹೆಚ್ಚಿನದ್ರಲ್ಲಿ 100 ಎಂಬಿಪಿಎಸ್‌ದು, ನಿಮಗೆ ಧಾರಾಳ. ಇಲಿ ಕಚ್ಚದಂಗೆ ಪೈಪಲ್ಲಿ ಹಾಕಿ.

ಅದಾದ್ಮೇಲೂ ರಾತ್ರಿ ಎಂಟಕ್ಕೇ ತಿರುಗಿದ್ರೆ ಆಗ ಊರಿನ ಲೈನಿನ ತೊಂದ್ರೆ. ಊರಿಗೆ ಲೈನ್ ಕೊಡೋ ಮಿಷನ್ನಿನ ಒಂದು ಪೋರ್ಟಲ್ಲಿ ಎರಡೂವರೆ ಸಾವಿರ ಎಂಬಿಪಿಎಸ್, ಅದನ್ನ 64 ಮನೆವರೆಗೆ ಹಂಚ್ತಾರೆ, ಎಲ್ರೂ ಒಟ್ಟಿಗೆ ಜಗ್ಗಿದ್ರೂ ತಲೆಗೆ ಸುಮಾರು 39 ಬೀಳ್ತದೆ, ಅಷ್ಟು ಕೆಟ್ಟದ್ದಲ್ಲ. ಕಟ್ಟಿಕೊಳ್ಳೋದು ಊರಿಂದ ಪೇಟೆಗೆ ಹೋಗೋ ದೊಡ್ಡ ಲೈನಲ್ಲಿ. ಅದಕ್ಕೆ ನೀವು ಮನೇಲಿ ಕೂತು ಮಾಡೋದು ಏನೂ ಇಲ್ಲ, ಊರವ್ರೆಲ್ಲ ಸೇರಿ ದೂರು ಕೊಡ್ಬೇಕು ಅಷ್ಟೇ.


ಸಿದ್ದಾಪುರದ_ಮಗಳು (ಬೆಂಗಳೂರು)

ಎಲ್ಲ ಗಂಡಸ್ರೂ ಡಿಬಿಎಂ ಗಿಬಿಎಂ ಅಂತ ಕೂತಿದ್ದೀರಿ, ರಿಮೋಟ್ ಯಾರ ಕೈಯಲ್ಲಿರ್ತದೆ ಅಂತ ಒಬ್ರೂ ಕೇಳ್ಲಿಲ್ಲ :)

ನಾನು ಸಿದ್ದಾಪುರದ ಹತ್ರ ಅಪ್ಪ ಆಯಿ ಮನೇಲಿ ಡಿಶ್ ತೆಗ್ಸಿ ಬರೀ ಆ್ಯಪ್ ಮೇಲೆ ಬಿಟ್ಟಿದ್ದೆ. ಲೈನ್ ಚೆನ್ನಾಗೇ ಇತ್ತು, ಸ್ಪೀಡೂ ಇತ್ತು. ತೊಂದ್ರೆ ಬಂದಿದ್ದು ಬೇರೆ ಕಡೆ. ಡಿಶ್ಶಲ್ಲಿ ಅಪ್ಪಂಗೆ ಚಾನೆಲ್ ನಂಬರ್ ಬಾಯಿಪಾಠ, ಕತ್ತಲೇಲಿ ಒತ್ತಿದ್ರೂ ವಾರ್ತೆ ಬರ್ತದೆ. ಆ್ಯಪಲ್ಲಿ ಟಿವಿ ಹಾಕಿದ್ರೆ ಮೊದ್ಲು ನೀವ್ಯಾರು ಅಂತ ನಾಕು ಗೊಂಬೆ ಮುಖ ತೋರಿಸಿ ಕೇಳ್ತದೆ, ಆಮೇಲೆ ಯಾವ್ದೋ ಹಿಂದಿ ಸಿನಿಮಾದ ಪೋಸ್ಟರ್, ಆಮೇಲೆ ಅಪ್ಡೇಟ್ ಮಾಡಿ ಅಂತದೆ. ಅದ್ರಲ್ಲೂ ಕನ್ನಡ ಧಾರಾವಾಹಿ ಒಂದೇ ಕಡೆ ಇಲ್ಲ. ಜೀ ಕನ್ನಡದ್ದು ಜೀ5ನಲ್ಲಿ, ಕಲರ್ಸ್ ಮತ್ತೆ ಸುವರ್ಣದ್ದು ಈಗ ಜಿಯೋಹಾಟ್‌ಸ್ಟಾರಲ್ಲಿ, ಉದಯದ್ದು ಸನ್ ನೆಕ್ಸ್ಟಲ್ಲಿ. ಮೂರು ಅಂಗಡಿ, ಮೂರು ಲಾಗಿನ್ನು. ಏಳು ಗಂಟೆ ಧಾರಾವಾಹಿ ಒಂದ್ರಲ್ಲಿ, ಏಳೂವರೇದು ಇನ್ನೊಂದ್ರಲ್ಲಿ ಅಂದ್ರೆ ಎಪ್ಪತ್ತು ದಾಟಿದವ್ರು ಮಧ್ಯದ ಜಾಹೀರಾತಲ್ಲಿ ಆ್ಯಪ್ ಬದಲಾಯಿಸ್ತಾರಾ ಹೇಳಿ.

ಇದಕ್ಕಿಂತ ದೊಡ್ಡ ತಮಾಷೆ ಒಟಿಪಿ. ತಾನಾಗೇ ಲಾಗೌಟ್ ಆಗಿಬಿಡ್ತದೆ, ಒಟಿಪಿ ಅಪ್ಪನ ಫೋನಿಗೆ ಹೋಗ್ತದೆ, ಅಪ್ಪನ ಫೋನಿಗೆ ಮನೇಲಿ ಸಿಗ್ನಲ್ ಇಲ್ಲ. ಅವ್ರು ಟಾರ್ಚ್ ಹಿಡ್ಕಂಡು ದಣಪೆ ದಾಟಿ ಮೇಲೆ ಹೋಗಿ ನಂಬರ್ ನೋಡ್ಕಂಡು ಓಡಿ ಬರೋದ್ರೊಳಗೆ ಟೈಂ ಮುಗ್ದಿರ್ತದೆ. ಕೊನೆಗೆ ಎಲ್ಲಾ ಆ್ಯಪಿಗೂ ನನ್ನ ನಂಬರ್ ಕೊಟ್ಟೆ. ಈಗ ಆಫೀಸ್ ಮೀಟಿಂಗ್ ಮಧ್ಯ ಆಯಿ ಫೋನು, "ಬಂತನೇ ನಂಬರು?" ಅಂತ.

ಹಂಗಾಗಿ ನನ್ನ ಮಾತು, ಯಕ್ಷಗಾನ ಯೂಟ್ಯೂಬಲ್ಲಿ ಇರ್ಲಿ, ಅದಕ್ಕೆ ಲಾಗಿನ್ನೂ ಬೇಡ, ಆಯಿಗೆ ಮೈಕ್ ಗುಂಡಿ ಒತ್ತಿ ಮೇಳದ ಹೆಸ್ರು ಹೇಳೋದು ಕಲಿಸಿದ್ರೆ ಸಾಕು, ನಮ್ಮನೇಲಿ ಅಪ್ಪಂಗಿಂತ ಆಯಿನೇ ಬೇಗ ಕಲಿತ್ಲು. ಆದ್ರೆ ಅಪ್ಪನ ಡಿಶ್ ತೆಗೀಬೇಡಿ. ದುಡ್ಡು ಉಳಿಸ್ಬೇಕಾದ್ರೆ ಪ್ಯಾಕ್ ಸಣ್ಣ ಮಾಡಿ.


ಲೆಕ್ಕದಪುಸ್ತಕ (ಯಲ್ಲಾಪುರ)

ಅಕ್ಕ ಹೇಳಿದ್ದೇ ಸರಿ, ಪ್ಯಾಕ್ ಸಣ್ಣ ಮಾಡೋ ದಾರಿ ಹೇಳ್ತೆ. 2019ರ ಫೆಬ್ರವರಿಯಿಂದ ಟ್ರಾಯ್ (ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ) ತಂದ ಪದ್ಧತೀಲಿ ಬೇಕಾದ ಚಾನೆಲ್ ಒಂದೊಂದೇ ಆರಿಸ್ಕೊಬಹುದು, ಕಂಪನಿಯವ್ರು ಕಟ್ಟಿಕೊಟ್ಟ ಗಂಟೇ ತಗೋಬೇಕು ಅಂತಿಲ್ಲ. ಕನೆಕ್ಷನ್ ಇದ್ದದ್ದಕ್ಕೇ ಒಂದು ಶುಲ್ಕ, ಆಗ ಹೆಚ್ಚಂದ್ರೆ 130, ಟ್ಯಾಕ್ಸ್ ಸೇರಿ 153 ರೂಪಾಯಿ 40 ಪೈಸೆ, 2024ರಲ್ಲಿ ಆ ಮಿತಿ ತೆಗ್ದು ಕಂಪನಿಗೇ ಬಿಟ್ರು, ಹಂಗಾಗಿ ಈಗ ನಿಮ್ಮ ಕಂಪನಿ ಎಷ್ಟು ಹಿಡೀತದೆ ಕೇಳ್ಕಳಿ. ಅದರ ಮೇಲೆ ಚಾನೆಲ್ ದುಡ್ಡು. ಗಂಟಲ್ಲಿ ಸೇರಿಸೋ ಚಾನೆಲ್ಲಿಗೆ ಬಿಡಿ ಬೆಲೆ 19 ರೂಪಾಯಿ ದಾಟಬಾರ್ದು ಅಂತ ನಿಯಮ ಇರೋದ್ರಿಂದ ದೊಡ್ಡ ಕನ್ನಡ ಚಾನೆಲ್ಲೆಲ್ಲ ಆ ಸುತ್ತಲೇ ಇರ್ತವೆ. ವಾರ್ತಾ ಚಾನೆಲ್ ಸುಮಾರು ಫ್ರೀ. ನಿಮ್ಮ ಅಪ್ಪಯ್ಯ ನೋಡೋದು ನಾಕೈದು ಚಾನೆಲ್ ಅಲ್ದಾ, ಬಿಡಿಯಾಗಿ ತಗಂಡ್ರೆ ಎಷ್ಟಾಗ್ತದೆ, ಸಣ್ಣ ಕನ್ನಡ ಗಂಟಿಗೆ ಎಷ್ಟಾಗ್ತದೆ, ಎರಡೂ ಕೂಡಿಸಿ ನೋಡಿ. ಮುನ್ನೂರೈವತ್ತರಲ್ಲಿ ಒಂದಷ್ಟು ಹಿಂದಿ ಸಿನಿಮಾ ಚಾನೆಲ್ಲಿಗೆ ಹೋಗ್ತಾ ಇರ್ತದೆ, ಯಾರೂ ನೋಡಿರೋದಿಲ್ಲ.

ತಿಂಗ್ಳ ದುಡ್ಡೇ ಬೇಡ ಅಂದ್ರೆ ಡಿಡಿ ಫ್ರೀ ಡಿಶ್ ಇದೆ, ಒಂದ್ಸಲ ಬಾಕ್ಸು ಡಿಶ್ಶಿಗೆ ಕೊಟ್ರೆ ಆಯ್ತು, ಚಂದನ ಬರ್ತದೆ. ಅಲ್ಲಿ ದೊಡ್ಡ ಖಾಸಗಿ ಕನ್ನಡ ಧಾರಾವಾಹಿ ಚಾನೆಲ್ ಸಿಗ್ತದೆ ಅಂತ ಮಾತ್ರ ನಂಬ್ಕಂಡು ಹೋಗ್ಬೇಡಿ.


ಹನ್ನೊಂದನೇ_ಆಟಗಾರ (ಅಂಕೋಲಾ)

ಕ್ರಿಕೆಟ್ ವಿಷ್ಯ ಯಾರೂ ಮುಟ್ಲೇ ಇಲ್ವಲ್ಲ. ಲೈವ್ ಮ್ಯಾಚು ಆ್ಯಪಲ್ಲಿ ನೋಡೋದು ಶಿಕ್ಷೆ. 2025ರ ಜೂನ್ 3, ಆರ್‌ಸಿಬಿ ಫೈನಲ್ಲು, ನಾನು ಫೈಬರಲ್ಲಿ ಎಚ್‌ಡಿ ಹಾಕ್ಕಂಡು ಕೂತಿದೀನಿ, ಚಿತ್ರ ಏನ್ ಚಂದ, ಆದ್ರೆ ಆಚೆ ಮನೇಲಿ ಕೇಬಲ್ಲು, ಅಲ್ಲಿ ಕೂಗಿದ್ರು ಅಂದ್ರೆ ನಮ್ಮಲ್ಲಿ ಬೌಲರ್ ಇನ್ನೂ ಓಡಿ ಬರ್ತಾನೇ ಇಲ್ಲ. ಕೊನೇ ಓವರು ಪೂರ್ತಿ ಪಟಾಕಿ ಸದ್ದು ಕೇಳಿದ್ಮೇಲೆ ನೋಡಿದ್ದು. ಹದಿನೆಂಟು ವರ್ಷ ಕಾದು ಕಪ್ ಗೆದ್ದ ಸುದ್ದಿ ಪಕ್ಕದ ಮನೆ ಹುಡುಗ್ರಿಂದ ಗೊತ್ತಾಯ್ತು ಮಾರಾಯ. ಸ್ಪೀಡ್ ಜಾಸ್ತಿ ಮಾಡ್ಸಿದ್ರೆ ಇದು ಹೋಗ್ತದಾ ತಂತಿಗಾರಣ್ಣ?


ತಂತಿಗಾರ (ಕುಮಟಾ)

ಹೋಗೋದಿಲ್ಲ ತಮ್ಮ, 500 ಎಂಬಿಪಿಎಸ್ ಹಾಕಿಸಿದ್ರೂ ಹೋಗೋದಿಲ್ಲ. ಡಿಶ್ಶು ಕೇಬಲ್ಲು ಅಂದ್ರೆ ಜಾತ್ರೇಲಿ ಮೈಕ್ ಹಿಡ್ದು ಕೂಗಿದಂಗೆ, ಹತ್ತು ಜನ ಇರ್ಲಿ ಹತ್ತು ಲಕ್ಷ ಇರ್ಲಿ ಕೂಗೋದು ಒಂದೇ ಸಲ, ಎಲ್ರಿಗೂ ಒಟ್ಟಿಗೆ ಕೇಳ್ತದೆ. ಆ್ಯಪ್ ಅಂದ್ರೆ ಒಬ್ಬೊಬ್ರಿಗೂ ಬೇರೆ ಬೇರೆ ಫೋನ್ ಮಾಡಿ ಹೇಳಿದ್ದು. ಅದಕ್ಕೆ ವಿಡಿಯೋನ ಕೆಲವೇ ಸೆಕೆಂಡಿನ ಸಣ್ಣ ಸಣ್ಣ ತುಂಡು ಮಾಡಿ, ಬೇರೆ ಬೇರೆ ಕ್ವಾಲಿಟೀಲಿ ತಯಾರಿಟ್ಟು, ಹತ್ರದ ಸರ್ವರಿಗೆ ಕಳ್ಸಿ, ಅಲ್ಲಿಂದ ನಿಮ್ಮ ಟಿವಿ ಒಂದೊಂದು ತುಂಡು ಕೇಳಿ ತರ್ಸಿ, ಮಧ್ಯ ನಿಲ್ಬಾರ್ದು ಅಂತ ಕೆಲವು ತುಂಡು ಮುಂಚೇನೇ ಕೂಡಿಟ್ಕಂಡು ಆಮೇಲೆ ತೋರ್ಸೋದು. ಇದಕ್ಕೇ ಅರ್ಧ ನಿಮಿಷ ಹೋಗ್ತದೆ, ಕೆಲವು ಸಲ ಜಾಸ್ತಿ. ಡಿಶ್ಶಲ್ಲೂ ಕೆಲವು ಸೆಕೆಂಡ್ ತಡ ಇದ್ದೇ ಇದೆ, ಅಷ್ಟು ಮೇಲೆ ಹೋಗಿ ಬರ್ಲಿಕ್ಕೆ ಕಾಲು ಸೆಕೆಂಡು ಅಷ್ಟೇ, ಉಳಿದದ್ದು ಚಿತ್ರಾನ ಸಣ್ಣ ಮಾಡಿ ಕಳ್ಸಿ ಮತ್ತೆ ಬಿಚ್ಚೋದಕ್ಕೆ, ಆದ್ರೆ ಅದು ಊರಿಗೆಲ್ಲ ಹೆಚ್ಚು ಕಡಿಮೆ ಒಂದೇ. ಉಪಾಯ ಒಂದೇ, ಕಿಟಕಿ ಹಾಕ್ಕಂಡು ಫೋನ್ ಸೈಲೆಂಟ್ ಮಾಡಿ ವಾಟ್ಸಾಪ್ ಬಂದ್ ಮಾಡಿ ನೋಡೋದು.


ಕಾಳಿದಂಡೆ (ಕಾರವಾರ)

ಇಷ್ಟೆಲ್ಲ ಕೇಳಿದ್ಮೇಲೂ ನಾನು ತೆಗೀರಿ ಅಂತಲೇ ಹೇಳೋದು. ಕಂಬ ಮರ ಅಂತ ಹೆದರೋದು ಇನ್ನು ಸ್ವಲ್ಪ ದಿನ, ಸ್ಟಾರ್‌ಲಿಂಕ್ ಅನ್ನೋ ಉಪಗ್ರಹದ ಇಂಟರ್ನೆಟ್ಟಿಗೆ 2025ರಲ್ಲಿ ನಮ್ಮಲ್ಲಿ ಲೈಸೆನ್ಸ್ ಸಿಕ್ಕಿದೆ, ಅದು ಬಂದ್ರೆ ತಂತೀನೇ ಬೇಡ, ಛಾವಣಿ ಮೇಲೆ ತಟ್ಟೆ ಇಟ್ರೆ ಆಯ್ತು.


ತಂತಿಗಾರ (ಕುಮಟಾ)

ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮಾರಾಯ್ರೆ. ತಮಾಷೆ ಬಿಡಿ, ಅದೂ ಕೆಳಗೆ ಕಳ್ಸೋದು ಕು ಬ್ಯಾಂಡಲ್ಲೇ, ಧೋ ಮಳೆ ಅದಕ್ಕೂ ಧೋ ಮಳೆಯೇ. ಉಪಗ್ರಹ ಐನೂರು ಕಿಲೋಮೀಟರ್ ಆಸುಪಾಸು ಎತ್ತರದಲ್ಲಿ ಓಡಾಡ್ತಾ ಇರೋದ್ರಿಂದ ತಟ್ಟೆಗೆ ಆಕಾಶ ಅಗಲಕ್ಕೆ ಕಾಣ್ಬೇಕು, ಒಂದು ದಿಕ್ಕು ಕಂಡ್ರೆ ಸಾಲೋದಿಲ್ಲ. ಕಾರವಾರದ ತಾರಸಿ ಮೇಲೆ ನಡೀತದೆ. ಸುತ್ತ ಮೂವತ್ತು ನಲವತ್ತು ಅಡಿ ಅಡಕೆ ಮರ ಇರೋ ಮನೆಗೆ ಎಲ್ಲಿ ಇಡ್ತೀರಿ, ತೋಟ ಕಡೀತಾರಾ?


ಬೆಟ್ಟದಂಚು (ಶಿರಸಿ)

ತೋಟ ಕಡ್ದು ಟಿವಿ ನೋಡ್ದೆ ಅಂದ್ರೆ ಅಪ್ಪ ನನ್ನನ್ನೇ ಕಡೀತಾರೆ.

ಮಾಡಿದ್ದು ಹೇಳ್ತೆ. ಮೊಳೆ ಹತ್ರ ತಂತಿ ಬಿಚ್ಚಿ ಅಗಲ ಸುರುಳಿ ಮಾಡಿದ ಕೂಡ್ಲೆ 26.4 ಇದ್ದದ್ದು 24.9ಕ್ಕೆ ಬಂತು, ಅಣ್ಣನ ಅನುಮಾನ ಸರಿ. ಉಳಿದದ್ದಕ್ಕೆ ಹುಡುಗನ್ನ ಕರ್ದಿದೀನಿ, ಸಂಖ್ಯೆ ಹೇಳಿದ್ಮೇಲೆ ಅವ್ನ ದನಿಯೇ ಬೇರೆ ಆಯ್ತು. ಟಿವಿ ಎದುರು 2.4ರಲ್ಲಿ ಟೆಸ್ಟ್ ಮಾಡ್ದೆ, 2.1 ಎಂಬಿಪಿಎಸ್! ಶಿರಸಿಯಿಂದ ಲ್ಯಾನ್ ಕೇಬಲ್ ತಂದು ಅಟ್ಟದ ಮೇಲಿಂದ ಎಳ್ದೆ, ಈಗ ಟಿವೀಲೇ 47 ಬರ್ತದೆ, ಆಯಿ ನಿನ್ನೆ ಬೆಳಗಿನ ಜಾವದ ತನ್ಕ ಆಟ ನೋಡಿದ್ಲು, ಒಂದ್ಸಲವೂ ತಿರುಗ್ಲಿಲ್ಲ. ರಾತ್ರಿ ಎಂಟಕ್ಕೆ ಊರ ಲೈನು ಸ್ವಲ್ಪ ಬೀಳ್ತದೆ, 20ರ ಹತ್ರ, ಅಷ್ಟು ಸಾಕು.

ಡಿಶ್ ತೆಗ್ಸಲ್ಲ, ಅಪ್ಪನ ಚಾನೆಲ್ ಮಾತ್ರ ಇಟ್ಟು ಪ್ಯಾಕ್ ಇಳಿಸ್ತೆ, ಭಾವಂಗೆ ಬೇಜಾರಾದ್ರೆ ಆಗ್ಲಿ. ಎದುರಿನ ಎರಡು ಅಡಕೆ ಮರದ ಹೆಡೆ ಅಡ್ಡ ಬರ್ತಾ ಇದ್ದದ್ದೂ ಹೌದು, ಡಿಶ್ ಕೊಟ್ಟಿಗೆ ಮಾಡಿನ ಕಡೆ ಸರಿಸ್ಬೇಕು.

ಕೊನೇದಾಗಿ ಎರಡು ಕೇಳ್ತೆ. ಕರೆಂಟ್ ಹೋದಾಗ ಇನ್ವರ್ಟರಲ್ಲಿ ಟಿವಿ ನಡೀತದೆ ಆದ್ರೆ ನೆಟ್ ಹೋಗ್ತದೆ, ರೂಟರಿಗೆ ಬೇರೆ ಬ್ಯಾಟ್ರಿ ಇಟ್ರೆ ಆಗ್ತದಾ? ಮತ್ತೆ ಈಗ ಗುಡುಗು ಸಿಡಿಲಿನ ಟೈಂ, ಹಿಂದೆ ಲ್ಯಾಂಡ್‌ಲೈನ್ ಇದ್ದಾಗ ಮೋಡೆಮ್ ಸುಟ್ಟು ಕರಕಲಾಗ್ತಿತ್ತು, ಫೈಬರಿಗೂ ಆ ಭಯ ಇದೆಯಾ?


ತಂತಿಗಾರ (ಕುಮಟಾ)

ರೂಟರಿಗೆ ಹೆಚ್ಚಿನದ್ರಲ್ಲಿ 12 ವೋಲ್ಟ್ ಸಾಕು, ಹತ್ತು ಹನ್ನೆರಡು ವ್ಯಾಟ್ ಅಷ್ಟೇ ಎಳೀತದೆ, ಅದಕ್ಕೆ ಅಂತಲೇ ಸಣ್ಣ ಡಿಸಿ ಯುಪಿಎಸ್ ಸಿಗ್ತದೆ, ಅಡಾಪ್ಟರ್ ಮೇಲೆ ಬರ್ದಿರೋ ವೋಲ್ಟು ಆಂಪಿಯರ್ ನೋಡ್ಕಂಡು ಅದಕ್ಕೆ ಸರಿಯಾದ್ದೇ ತಗಳ್ಳಿ. ಇನ್ವರ್ಟರ್ ಇದ್ದವ್ರಿಗೆ ಅದೂ ಬೇಡ, ಜಗುಲಿ ಪ್ಲಗ್ ಪಾಯಿಂಟನ್ನ ಇನ್ವರ್ಟರ್ ಲೈನಿಗೆ ಸೇರಿಸ್ಲಿಕ್ಕೆ ವೈರಿಂಗ್‌ನವನಿಗೆ ಹೇಳಿ. ಆದ್ರೆ ಊರಿಗೆ ಲೈನ್ ಕೊಡೋ ಮಿಷನ್ ಎಲ್ಲಿದೆಯೋ ಅಲ್ಲಿ ಬ್ಯಾಟ್ರಿ ಸತ್ರೆ ನಿಮ್ಮದು ಎಷ್ಟು ಚಾರ್ಜ್ ಇದ್ರೂ ನೆಟ್ ಬರೋದಿಲ್ಲ, ಆಗ ಲಾಸ್ ಲೈಟು ಕೆಂಪಾಗ್ತದೆ, ನಿಮ್ಮನೆ ತಂತಿ ಕಡಿದಿದೆ ಅಂತ ಗಾಬರಿ ಬೇಡ, ಆಚೆ ಮನೆಯವ್ರನ್ನ ಕೇಳಿ, ಅವ್ರದ್ದೂ ಕೆಂಪಿದ್ರೆ ಅದೇ ಕಾರಣ.

ಸಿಡಿಲು. ಗಾಜಿನಲ್ಲಿ ಕರೆಂಟ್ ಹರಿಯೋದಿಲ್ಲ, ಹಳೇ ತಾಮ್ರದ ಲೈನಿನ ಭಯ ಇಲ್ಲಿಲ್ಲ. ಆದ್ರೆ ಮರದಿಂದ ಮರಕ್ಕೆ ಎಳೆಯೋ ಕೆಲವು ಕೇಬಲ್ಲಲ್ಲಿ ಬಲಕ್ಕೆ ಅಂತ ಒಂದು ಸ್ಟೀಲ್ ತಂತಿ ಇರ್ತದೆ, ಕಪ್ಪು ತೊಗಟೆ ಒಳಗೆ. ಅದನ್ನ ಸೂರಿನ ಹೊರಗೇ ಕತ್ತರಿಸಿ ಹುಕ್ಕಿಗೆ ಕಟ್ಟಿ, ಒಳಗೆ ಬರೀ ಫೈಬರ್ ತರ್ಬೇಕು. ಹುಡುಗ ಬಂದಾಗ ಇದನ್ನೂ ನೋಡು ಅಂತ ಹೇಳಿ, ಸುಮಾರು ಜನ ಹಂಗೇ ರೂಟರ್ ತನ್ಕ ಎಳ್ದು ಬಿಟ್ಟಿರ್ತಾರೆ. ಇನ್ನು ಡಿಶ್ಶಿನ ಕೇಬಲ್ಲು ತಾಮ್ರದ್ದೇ, ನೀವು ಹೊಸದಾಗಿ ಎಳೆದ ಲ್ಯಾನೂ ತಾಮ್ರದ್ದೇ. ಡಿಶ್ಶಿಂದ ಬಂದ ಸಿಡಿಲಿನ ಕರೆಂಟು ಸೆಟ್‌ಟಾಪ್ ಬಾಕ್ಸ್, ಟಿವಿ ದಾಟಿ ಲ್ಯಾನ್ ಹಿಡ್ಕಂಡು ರೂಟರಿಗೂ ಹೋಗ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ತೆಗೀರಿ, ಡಿಶ್ ಕೇಬಲನ್ನೂ ಬಾಕ್ಸಿನ ಹಿಂದಿಂದ ಬಿಚ್ಚಿಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲೋದಿಲ್ಲ. ಡಿಶ್ ಕೊಟ್ಟಿಗೆ ಮಾಡಿಗೆ ಸರಿಸುವಾಗ ಕಂಬಕ್ಕೆ ಅರ್ತಿಂಗ್ ಮಾಡಿಸಿ, ಕೇಬಲ್ ಒಳಗೆ ಹೋಗೋ ಮುಂಚೆ ಒಂದು ಸುತ್ತು ಕೆಳಗೆ ಇಳಿಬಿಟ್ಟು ಆಮೇಲೆ ತೂತಿಗೆ ಹಾಕಿ, ಇಲ್ಲಾಂದ್ರೆ ಮಳೆನೀರು ತಂತಿ ಹಿಡ್ಕಂಡೇ ಒಳಗೆ ಬರ್ತದೆ.